ಅಕ್ಕನ ಶುಭೋದಯ

ಬೆಳಿಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಳ್ಳಬೇಕು ಎಂದು ಅಮ್ಮ ಕಲಿಸಿದ್ದಳು. ಈಗಲೂ ಅಂಗೈಯನ್ನೇ ನೋಡಿಕೊಳ್ಳುತ್ತೇನೆ. ಅದರಲ್ಲಿ ಫೋನು ಇರುತ್ತದೆ, ಅಷ್ಟೇ ವ್ಯತ್ಯಾಸ. ಹಲ್ಲುಜ್ಜುವ ಮೊದಲು, ಬಾಗಿಲ ಹೊರಗಿನ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುವ ಮೊದಲು, ನನ್ನ ಹೆಬ್ಬೆರಳು ತಾನಾಗಿಯೇ ಸ್ಟೇಟಸ್ ಎಂಬಲ್ಲಿಗೆ ಹೋಗುತ್ತದೆ. ಅಲ್ಲಿ ಅಕ್ಕನ ದುಂಡು ಮುಖದ ಸುತ್ತ ಹಸಿರು ಬಳೆ ಕಂಡಿತೋ, ನನ್ನ ಲೆಕ್ಕಾಚಾರ ಶುರು. ಇವತ್ತು ಏನು ಹಾಕಿದ್ದಾಳೋ, ಅದನ್ನು ಗಿರಿಜ ಏನೆಂದು ಓದುತ್ತಾಳೋ, ಆ ಬಿಸಿ ನನ್ನ ಮನೆಗೆ ಯಾವಾಗ ತಟ್ಟುತ್ತದೋ.

ಹೋದ ತಿಂಗಳ ಒಂದು ಶುಕ್ರವಾರದ ಸ್ಟೇಟಸ್ ನಿಮಗೆ ಹೇಳಬೇಕು. ಇಬ್ಬನಿ ಕೂತ ಕೆಂಪು ಗುಲಾಬಿ, ಒಳ್ಳೆ ಬಟ್ಟಲಿನಷ್ಟು ದಪ್ಪ. ಅದರ ಮೇಲೆ ಬಳ್ಳಿಯ ಹಾಗೆ ಸುರುಳಿ ಸುತ್ತಿಕೊಂಡ ಅಕ್ಷರಗಳು: ‘ಬೆನ್ನಿಗೆ ಚೂರಿ ಹಾಕುವವರು ಹೊರಗಿನವರಲ್ಲ, ಒಡಹುಟ್ಟಿದವರೇ. ಶುಭೋದಯ.’ ಚೂರಿ ಹಾಕಿಸಿಕೊಂಡವರಿಗೆ ಉದಯ ಹೇಗೆ ಶುಭವಾಗುತ್ತದೆ ಎಂದು ನಾನು ಯೋಚಿಸುವಷ್ಟರಲ್ಲಿ ಗುಬ್ಬಿಯಿಂದ ಫೋನು ಬಂತು. ನನ್ನ ತಂಗಿ ಗಿರಿಜ.

“ನೋಡ್ದಾ ಚಿಕ್ಕಕ್ಕ?”

“ಏನೇ?” ಎಂದೆ, ನೋಡಿಲ್ಲದವಳ ಹಾಗೆ.

“ದೊಡ್ಡಕ್ಕ ಹಾಕಿರೋದು. ಒಡಹುಟ್ಟಿದವರು ಅಂತ ಹೆಸರೊಂದು ಬಿಟ್ಟು ಎಲ್ಲಾ ಹೇಳವ್ಳೆ. ಅವಳಿಗೆ ಒಡಹುಟ್ಟಿದವರು ಇರೋದೇ ನಾವಿಬ್ರು. ನಿಂಗಂತೂ ಅಲ್ಲ. ಇನ್ಯಾರಿಗಾಯ್ತು?”

“ನಂಗೂ ಇರಬಹುದಲ್ಲೇ.”

“ಚೂರಿ ಹಾಕೋ ಧೈರ್ಯ ನಿಂಗೆಲ್ಲೈತೆ, ಬುಡು.”

ಅದು ಹೊಗಳಿಕೆಯೋ ತೆಗಳಿಕೆಯೋ ಇನ್ನೂ ಗೊತ್ತಾಗಿಲ್ಲ. ಆದರೆ ಅವತ್ತು ಒಗ್ಗರಣೆ ಸೀದುಹೋಯಿತು.

ಅಕ್ಕ ಇರುವುದು ಕುಣಿಗಲ್ಲಿನಲ್ಲಿ, ಗಿರಿಜ ಗುಬ್ಬಿಯಲ್ಲಿ. ನಾನು ನಡುವಿನವಳು, ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಕುಣಿಗಲ್ಲಿನಿಂದ ಗುಬ್ಬಿಗೆ ಹೋಗುವವರು ತುಮಕೂರಿನಲ್ಲಿ ಇಳಿದು ಬಸ್ಸು ಬದಲಾಯಿಸುವ ಹಾಗೆ, ಅವರಿಬ್ಬರ ಮಾತೂ ನಮ್ಮ ಮನೆಯಲ್ಲಿ ಇಳಿದು ಬಸ್ಸು ಬದಲಾಯಿಸುತ್ತದೆ. ನಮ್ಮನೆಯವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ನನ್ನ ಪಾಡು ನೋಡಿ ಹೇಳುತ್ತಿರುತ್ತಾರೆ: “ತಲುಪಿಸೋದಷ್ಟೇ ಕಣೇ ಕೆಲಸ. ಒಳಗೇನೈತೆ ಅಂತ ಮೂಸಿ ನೋಡಕ್ಕೋದ್ರೆ ನಿದ್ದೆ ಬರಲ್ಲ.” ಅವರಿಗೆ ಒಳ್ಳೆಯ ನಿದ್ದೆ ಬರುತ್ತದೆ. ನನಗೆ ಬರುವುದಿಲ್ಲ.

ಅಕ್ಕ ತಂಗಿಯರು ಜಗಳವಾಡಿಕೊಂಡು ಮಾತು ಬಿಟ್ಟವರಲ್ಲ. ಜಗಳವಾಡಿದ್ದರೆ ಬಗೆಹರಿಸಬಹುದಿತ್ತು. ಗಿರಿಜ ಮನೆಯ ಮೇಲೆ ಮಹಡಿ ಕಟ್ಟಿಸಿ ಪೂಜೆ ಇಟ್ಟುಕೊಂಡಳು. ಎಲ್ಲರನ್ನೂ ಫೋನಿನಲ್ಲೇ ಕರೆದಳು. ಮನೆಗೆ ಬಂದು, ಕುಂಕುಮ ಇಟ್ಟು, ‘ಮುಂದೆ ನಿಂತು ನಡೆಸಿಕೊಡು’ ಎಂದು ಕರೆಯದಿದ್ದರೆ ಹಿರಿಯಕ್ಕ ಹೋಗುವುದು ಹೇಗೆ? ಹೋಗಲಿಲ್ಲ. ಪೂಜೆಯಾದ ಮೇಲೆ ಗಿರಿಜ ಮನೆಮಂದಿಯ ಗ್ರೂಪಿನಲ್ಲಿ ಮಹಡಿಯ ಫೋಟೋಗಳನ್ನು ಸಾಲಾಗಿ ಹಾಕಿದಳು. ಅಕ್ಕ ಅದರ ಕೆಳಗೆ ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿದಳು. “ನೋಡಿದೆ, ಚೆನ್ನಾಗೈತೆ” ಎಂಬುದು ಅಕ್ಕನ ಲೆಕ್ಕ. “ಅಷ್ಟು ಚೆಂದ ಮನೆ ಕಟ್ಟಿದ್ರೆ ಹೆಬ್ಬೆಟ್ಟು ತೋರಿಸ್ತಾಳಲ್ಲ, ಬಾಯಲ್ಲಿ ಮಾತಿಲ್ವಾ?” ಎಂಬುದು ಗಿರಿಜಳ ಲೆಕ್ಕ. ಗಿರಿಜ ಗ್ರೂಪಿನಿಂದ ಹೊರಗೆ ಹೋದಳು. ಆಮೇಲೆ ಇವರಿಬ್ಬರ ನಡುವೆ ಉಳಿದದ್ದು ಸ್ಟೇಟಸ್ ಒಂದೇ.

ಈ ಅರ್ಥ ಹುಡುಕುವ ಕಾಯಿಲೆ ನಮ್ಮ ಮನೆತನಕ್ಕೆ ಹಳೆಯದು. ಅಪ್ಪನಿಗೆ ಚರ್ಮದ ಚೀಲ ಹಾಕಿದ ಒಂದು ರೇಡಿಯೋ ಇತ್ತು. ಸಂಜೆ ಹವಾಮಾನ ಹೇಳುವಾಗ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ‘ದಕ್ಷಿಣ ಒಳನಾಡಿನ ಅಲ್ಲಲ್ಲಿ ಮಳೆ’ ಎಂದು ಕೇಳಿದ ಕೂಡಲೇ ಅಪ್ಪ ಟವೆಲ್ ಕೊಡವಿ ಎದ್ದುಬಿಡುತ್ತಿದ್ದರು. “ಅಲ್ಲಲ್ಲಿ ಅಂದ್ರೆ ನಮ್ಮಲ್ಲಿಲ್ಲ ಅಂತ.” ಹಾಗೆಂದು ಹೊರಗೆ ಒಣಹಾಕಿದ ರಾಗಿ ಹಾಗೇ ಬಿಟ್ಟು ಮಲಗಿ, ಅದು ತೋಯ್ದು ಮೊಳಕೆ ಬಂದದ್ದುಂಟು. ಅಮ್ಮನಿಗೆ ವಾರ್ತೆಯ ಕನ್ನಡ ಅರ್ಥವಾಗುತ್ತಿರಲಿಲ್ಲ. ಅವಳು ಓದುವವರ ಗಂಟಲು ಕೇಳುತ್ತಿದ್ದಳು. ಯಾವತ್ತಾದರೂ ಅವರ ದನಿ ಕಟ್ಟಿದ್ದರೆ, “ಪಾಪ, ಯಾರೋ ದೊಡ್ಡೋರು ಹೋದ್ರು ಅನ್ಸುತ್ತೆ” ಎಂದು ಒಲೆಯ ಮುಂದೆ ಕೂತೇ ನಿಟ್ಟುಸಿರು ಬಿಡುತ್ತಿದ್ದಳು. ಓದುವವರಿಗೆ ಬರೀ ನೆಗಡಿ ಇದ್ದಿರಬೇಕು.

ನಾವು ಮೂವರು ಹುಡುಗಿಯರು ಆ ರೇಡಿಯೋಗೆ ತಲೆ ತಾಗಿಸಿ ನಾಟಕ ಕೇಳುತ್ತಿದ್ದೆವು. ಒಂದು ನಾಟಕದಲ್ಲಿ ಅತ್ತೆ ಸೊಸೆ ಊಟಕ್ಕೆ ಕೂತು ಜಗಳ ತೆಗೆದು, ಇಬ್ಬರೂ ಎಲೆ ಬಿಟ್ಟು ಏಳುತ್ತಾರೆ. ಅಕ್ಕ ಅತ್ತೆಯ ಕಡೆ ಸೇರಿ ಅತ್ತಳು. ಗಿರಿಜ ಸೊಸೆಯ ಕಡೆ ಸೇರಿ ಅತ್ತಳು. ನಾಟಕ ಮುಗಿದ ಮೇಲೆ ಅವರಿಬ್ಬರೂ ಜಡೆ ಹಿಡಿದುಕೊಂಡರು. ನನಗೆ ಮಾತ್ರ, ಬಡಿಸಿದ ಅನ್ನ ಏನಾಯಿತು, ಕೊನೆಗೆ ಯಾರಾದರೂ ಉಂಡರೋ ಇಲ್ಲವೋ ಎಂಬ ಚಿಂತೆ. ಅದನ್ನು ಕೇಳಿದ್ದಕ್ಕೆ ಇಬ್ಬರೂ ಸೇರಿ ನನ್ನನ್ನೇ ಬೈದರು. ಒಂದೇ ರೇಡಿಯೋ, ಒಂದೇ ದನಿ, ಕೇಳಿದ್ದು ಮೂರು ನಾಟಕ. ಈಗ ಯೋಚಿಸಿದರೆ, ಆ ದಿನವೇ ನಮ್ಮ ಮೂವರ ಹಣೆಬರಹ ಗೊತ್ತಾಗಿಬಿಟ್ಟಿತ್ತು ಅನಿಸುತ್ತದೆ.

ಈಗಿನ ವಿಷಯಕ್ಕೆ ಬರುತ್ತೇನೆ. ಅಕ್ಕನಿಗೆ ಹೊಟ್ಟೆನೋವು ಶುರುವಾಗಿ, ಬಟವಾಡಿಯ ನರ್ಸಿಂಗ್ ಹೋಮಿನಲ್ಲಿ ತೋರಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಎಂದರು. ಗುರುವಾರ ಆಪರೇಷನ್ ಎಂದೂ ಹೇಳಿದರು. “ದೊಡ್ಡದೇನಲ್ಲ, ಆದ್ರೆ ಶುಗರ್ ಐತೆ, ಬೀಪಿ ಐತೆ, ವಯಸ್ಸಾಗೈತೆ, ತಡ ಮಾಡಿದ್ರೆ ಕೀವಾಗುತ್ತೆ” ಎಂದು ಡಾಕ್ಟರು ಒಂದೇ ಉಸಿರಿನಲ್ಲಿ ಅಂದರು. ‘ದೊಡ್ಡದೇನಲ್ಲ’ ಎಂಬುದು ಅಕ್ಕನಿಗೆ ಕೇಳಿಸಿತು. ನನಗೆ ಉಳಿದದ್ದು ಮಾತ್ರ ಕೇಳಿಸಿತು. ಅವತ್ತಿನಿಂದ ನನ್ನ ಹೊಟ್ಟೆಯಲ್ಲೂ ಒಂದು ಕಲ್ಲು.

ಆ ಭಾನುವಾರ ಅಕ್ಕ ನಮ್ಮ ಮನೆಗೆ ಬಂದು ಉಳಿದಳು. “ಗಿರಿಜಂಗೆ ಹೇಳಿ ಕರೆಸ್ಲಾ?” ಎಂದು ಕೇಳಿದೆ.

“ಬೇಡ ಕಣೇ. ಆಪರೇಷನ್‌ಗೆ ಬಾ ಅಂತ ಯಾರಾದ್ರೂ ಕರೀತಾರಾ? ಬರೋ ಮನಸ್ಸಿದ್ರೆ ಬತ್ತಾಳೆ.”

ಗಿರಿಜ ಕರೆಯದೆ ಬರುವವಳಲ್ಲ, ಇವಳು ಬಾರದೆ ಕರೆಯುವವಳಲ್ಲ. ಏನಾದರೂ ಹೆಚ್ಚು ಕಡಿಮೆಯಾಗಿ, ಇಬ್ಬರೂ ಮಾತಾಡದೆಯೇ... ಮುಂದಕ್ಕೆ ಯೋಚಿಸಲು ನನಗೆ ಭಯವಾಯಿತು.

ಸೋಮವಾರ ಬೆಳಿಗ್ಗೆ ಅಡಿಗೆಮನೆಯಲ್ಲಿ ನನ್ನ ಎದುರಿಗೇ ಕೂತು ಅಕ್ಕ ಫೋನನ್ನು ಕೈ ಉದ್ದಕ್ಕೆ ಹಿಡಿದುಕೊಂಡಳು. ಬೆರಳು ಮೇಲೆ ಕೆಳಗೆ ಆಡಿಸಿ, ಒಂದು ಕಡೆ ನಿಲ್ಲಿಸಿ, ಒತ್ತಿದಳು. ನನ್ನ ಫೋನಿನಲ್ಲಿ ಹಸಿರು ಬಳೆ ಬಂತು. ಬಿಳಿ ಮಲ್ಲಿಗೆ. ‘ಕಷ್ಟ ಬಂದಾಗಲೇ ಗೊತ್ತಾಗುವುದು ರಕ್ತ ಯಾರದು, ನೀರು ಯಾರದು. ಶುಭೋದಯ.’

ನನಗೆ ತಡೆಯಲಾಗಲಿಲ್ಲ. “ಅಕ್ಕ, ಇದನ್ನ ಯಾಕೆ ಹಾಕ್ದೆ?”

“ಸೋಮವಾರ ಅಲ್ವಾ, ಈಶ್ವರಂಗೆ ಬಿಳೀ ಹೂವು. ಯಡಿಯೂರು ಭಜನೆ ಗ್ರೂಪಲ್ಲಿ ದಿನಾ ಒಂದು ರಾಶಿ ಬತ್ತವೆ. ಇವತ್ತು ಬಿಳೀದು ಇದೊಂದೇ ಬಂದಿದ್ದು.”

“ಅಕ್ಷರ?”

“ಏನಕ್ಷರ?”

“ಅದ್ರ ಮೇಲೆ ಬರ್ದಿರೋದು ಓದಿದ್ಯಾ?”

“ಆ ಸೊಟ್ಟಂಬಟ್ಟ ಅಕ್ಷರ ಯಾರು ಓದ್ತಾರೆ ಬುಡು. ಶುಭೋದಯ ಅಂತ ಇರ್ತದೆ.”

ಶುಕ್ರವಾರ ಅಮ್ಮನವರಿಗೆ ಕೆಂಪು, ಗುರುವಾರ ಗುರುಗಳಿಗೆ ಹಳದಿ, ಸೋಮವಾರ ಬಿಳಿ. ಹೊಸ್ತಿಲಿಗೆ ಹೂವಿಡುವ ಹಾಗೆ ಅಕ್ಕ ಸ್ಟೇಟಸ್ಸಿಗೆ ಹೂವಿಡುತ್ತಿದ್ದಳು. ಚೂರಿ, ವಿಷ, ನೆರಳು, ನಂಬಿಕೆದ್ರೋಹ ಎಲ್ಲವೂ ಆ ಹೂವಿಗೆ ಅಂಟಿಕೊಂಡು ಬಂದ ಇರುವೆಗಳು. ಮಹಡಿಯ ಪೂಜೆಯಾದಾಗಿನಿಂದ ಗುಬ್ಬಿಯಲ್ಲಿ ಒಬ್ಬಳು ಆ ಇರುವೆಗಳಿಂದ ದಿನಾ ಕಚ್ಚಿಸಿಕೊಳ್ಳುತ್ತಿದ್ದಳು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿ, “ಈರುಳ್ಳಿ ಹೆಚ್ತಿದೀಯೇನೇ?” ಎಂದಳು.

ಅವತ್ತೇ ಬಸ್ಸು ಹತ್ತಿ ಗುಬ್ಬಿಗೆ ಹೋದೆ. ಇಂಥ ಒಳ್ಳೆಯ ಸುದ್ದಿಯನ್ನು ಫೋನಿನಲ್ಲಿ ಹೇಳಬಾರದು ಎಂದು ನನ್ನ ಲೆಕ್ಕ. ದಾರಿಯುದ್ದಕ್ಕೂ ಗಿರಿಜಳ ಮುಖ ಅರಳುವುದನ್ನು ಮನಸ್ಸಿನಲ್ಲೇ ನೋಡಿಕೊಂಡು, ಪಕ್ಕದ ಸೀಟಿನ ಹೆಂಗಸು ಅನುಮಾನಪಡುವಷ್ಟು ನಗುತ್ತಾ ಕೂತಿದ್ದೆ.

ಗಿರಿಜ ಹೊಸ ಮಹಡಿಯ ಮೇಲೆ ಹಪ್ಪಳ ಒಣಹಾಕುತ್ತಿದ್ದಳು. ಎಲ್ಲವನ್ನೂ ಹೇಳಿದೆ. ವಾರ, ಬಣ್ಣ, ಹೂವು. “ಒಂದಕ್ಷರಾನೂ ಓದಿಲ್ಲ ಕಣೇ ಅವಳು. ಯಾವುದೂ ನಿಂಗೆ ಹಾಕಿದ್ದಲ್ಲ. ಒಂದೂ ಅಲ್ಲ!”

ಅವಳ ಮುಖ ಅರಳಲಿಲ್ಲ. ಕೈಯಲ್ಲಿದ್ದ ಹಪ್ಪಳವನ್ನು ನೆಲಕ್ಕೆ ಹಾಸಿದ್ದ ಹಳೇ ಸೀರೆಯ ಮೇಲಿಟ್ಟು, ಅಂಚು ಸರಿಮಾಡಿದಳು.

“ಒಂದೂ ಅಲ್ವಾ?”

“ಒಂದೂ ಅಲ್ಲ.”

“ಬೈಯಕ್ಕಾದ್ರೂ ದಿನಾ ಎದ್ದ ತಕ್ಷಣ ನನ್ನ ನೆನೆಸ್ಕೊಂತಾಳಲ್ಲ ಅಂತ ಅಂದ್ಕೊಂಡಿದ್ದೆ ಚಿಕ್ಕಕ್ಕ.” ಅವಳ ದನಿ ಕಟ್ಟಿತು. ಇದು ನೆಗಡಿಯಲ್ಲ ಎಂದು ನನಗೂ ಗೊತ್ತಾಯಿತು. “ಹಂಗಾದ್ರೆ ನೆನೆಸ್ಕೊಂಡೇ ಇರ್ಲಿಲ್ಲ.”

ಗುರುವಾರ ಆಪರೇಷನ್ ಎಂದು ಹೇಗೋ ಹೇಳಿದೆ. “ಅವಳು ಹೇಳು ಅಂದ್ಲಾ?” ಎಂದು ಕೇಳಿದಳು. ಸುಳ್ಳು ಹೇಳಬಹುದಿತ್ತು, ನನ್ನ ಮುಖ ಅದಕ್ಕೆ ಒದಗುವುದಿಲ್ಲ. ಗಿರಿಜ ಊಟಕ್ಕೆ ಬಡಿಸಿದಳು, ಬಸ್‌ಸ್ಟ್ಯಾಂಡಿನವರೆಗೂ ಬಂದಳು, ಕೈಗೆ ಹಪ್ಪಳದ ಕವರ್ ಕೊಟ್ಟಳು. ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ನನ್ನ ಮೇಲೇ ಸಿಟ್ಟು. ಗಾಯ ತೊಳೆಯುತ್ತೇನೆಂದು ಹೋಗಿ ಬ್ಯಾಂಡೇಜನ್ನೇ ಕಿತ್ತು ಬಂದಿದ್ದೆ.

ಮಾರನೆಯ ದಿನದಿಂದ ಗಿರಿಜ ಫೋನು ಮಾಡಲಿಲ್ಲ. ಬೆಳಿಗ್ಗೆ ಎದ್ದರೆ ‘ನೋಡ್ದಾ?’ ಇಲ್ಲ. ಬೇಡ ಬೇಡ ಎನ್ನುತ್ತಿದ್ದ ಆ ದೂರು ಈಗ ಬಂದರೆ ಸಾಕು ಅನಿಸಿತು.

ಬುಧವಾರ ಬೆಳಿಗ್ಗೆ ಅಕ್ಕನ ಮುಂದೆ ಕಾಫಿ ಇಟ್ಟೆ. ಅವಳು ಮುಟ್ಟಲಿಲ್ಲ. ಫೋನು ನೋಡುತ್ತಾಳೆ, ಕೆಳಗಿಡುತ್ತಾಳೆ, ಮತ್ತೆ ನೋಡುತ್ತಾಳೆ. ಕಾಫಿಯ ಮೇಲೆ ಕೆನೆ ಕಟ್ಟಿತು.

“ಯಾಕಕ್ಕ, ಆರಿಹೋಗ್ತೈತೆ ಕುಡಿ.”

“ಗಿರಿಜ ನೋಡಿಲ್ಲ ಕಣೇ. ನಿನ್ನೇದೂ ನೋಡಿಲ್ಲ, ಇವತ್ತಿಂದೂ ನೋಡಿಲ್ಲ.”

“ಏನ್ ನೋಡಿಲ್ಲ?”

ಅಕ್ಕ ಫೋನನ್ನು ನನ್ನ ಕಡೆ ತಿರುಗಿಸಿದಳು. ಸ್ಟೇಟಸ್ಸಿನ ಕೆಳಗೆ ಒಂದು ಪುಟ್ಟ ಕಣ್ಣಿನ ಚಿತ್ರ ಇರುತ್ತದಲ್ಲ, ಅದನ್ನು ಮುಟ್ಟಿದರೆ ನೋಡಿದವರ ಮುಖಗಳು ಬರುತ್ತವೆ. “ಸೊಸೆ ಹೇಳ್ಕೊಟ್ಟಿದ್ದು. ಎಲ್ಲರಿಗಿಂತ ಮುಂಚೆ ಅವಳೇ ನೋಡೋದು. ಅವಳ ಮುಖ ಬಂತು ಅಂದ್ರೆ ಎದ್ದವ್ಳೆ, ಹುಷಾರಾಗವ್ಳೆ ಅಂತ. ಆಮೇಲೇ ನಾನು ಕಾಫಿ ಕುಡಿಯೋದು.” ಸ್ವಲ್ಪ ತಡೆದು, “ಇಲ್ದೆ ಇದ್ರೆ ನಂಗ್ಯಾಕೆ ಬೇಕಿತ್ತು ಈ ಹೂವು ಹಾಕೋ ಕೆಲಸ? ಅವಳಿಗೆ ಜ್ವರ ಗಿರ ಬಂದೈತೇನೋ. ಹೋದ ಹಬ್ಬದ ಫೋಟೋದಲ್ಲೇ ಸೊರಗಿದ್ಲು” ಎಂದಳು.

ಹೂವು ನೋಡುವವಳು, ಅಕ್ಷರ ಓದುವವಳು. ಇಬ್ಬರೂ ದಿನಾ ಬೆಳಿಗ್ಗೆ ಒಂದೇ ಚಿತ್ರದ ಎರಡು ಕಡೆ ಕೂತು ಒಬ್ಬರನ್ನೊಬ್ಬರು ಕಾಯುತ್ತಿದ್ದರು. ನಡುವೆ ನಾನು ಹೋಗಿ, ‘ಅದು ನಿನಗಲ್ಲ’ ಎಂದು ಹೇಳಿ ಬಂದಿದ್ದೆ. ಗಿರಿಜಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಸಂಜೆಯೂ ಮಾಡಿದೆ. ಎತ್ತಲಿಲ್ಲ.

ಗುರುವಾರ ಬೆಳಿಗ್ಗೆ ನರ್ಸಿಂಗ್ ಹೋಮಿನ ಮಂಚದ ಮೇಲೆ, ಹಸಿರು ಗೌನು ಹಾಕಿಕೊಂಡು, ಅಕ್ಕ ಹಳದಿ ಸೇವಂತಿಗೆಯನ್ನು ಹಾಕಿದಳು. ನಾನು ನೋಡಬಾರದಿತ್ತು, ನೋಡಿದೆ. ‘ಹೊರಟವರನ್ನು ಕೂಗಬೇಡಿ, ಅವರ ದಾರಿ ಅವರಿಗೆ. ಶುಭೋದಯ.’

ಅಕ್ಕ ಅಕ್ಷರ ನೋಡುವುದಿಲ್ಲ ಎಂದು ನನಗೆ ಗೊತ್ತು. ವಾರದ ಬಣ್ಣ ಅಷ್ಟೇ ಎಂದು ಗೊತ್ತು. ಗಿರಿಜಳಿಗೆ ಅಷ್ಟೊಂದು ಬುದ್ಧಿ ಹೇಳಿ ಬಂದವಳು ನಾನೇ. ಆದರೂ ಆ ಸಾಲು ನನಗೇ ಬರೆದ ಹಾಗೆ, ಆಪರೇಷನ್ ಕೋಣೆಯ ಬಾಗಿಲಿಗೇ ಅಂಟಿಸಿದ ಹಾಗೆ ಕಂಡಿತು. ಅಳಿಸು ಎಂದರೆ ಯಾಕೆ ಎನ್ನುತ್ತಾಳೆ, ಯಾಕೆ ಎಂದು ಹೇಳಿದರೆ ಹೆದರುತ್ತಾಳೆ. ಯಡಿಯೂರಿನ ದೇವರ ಕಡೆ ಯಾವುದಿರಬಹುದೆಂದು ಅಂದಾಜು ಮಾಡಿ ಗೋಡೆಗೆ ಕೈ ಮುಗಿದೆ. ಅದು ಯಡಿಯೂರಿನ ದಿಕ್ಕಲ್ಲ, ಊರುಕೆರೆ ಕಡೆ ಎಂದು ನಮ್ಮನೆಯವರು ಪಿಸುಗುಟ್ಟಿದರು.

ನರ್ಸಮ್ಮ ಬೀಪಿ ನೋಡಿ ಹುಬ್ಬು ಗಂಟಿಕ್ಕಿದಳು. “ಯಾಕಜ್ಜಿ, ಇಷ್ಟೊಂದು ಟೆನ್ಷನ್? ಇಷ್ಟಿದ್ರೆ ಡಾಕ್ಟ್ರು ಒಳಗೆ ತಗೊಳಲ್ಲ.”

ಕೀವಾಗುತ್ತದೆ, ತಡ ಮಾಡಬೇಡಿ ಎಂದವರೂ ಆ ಡಾಕ್ಟರೇ. ನಾನು ಬಾಗಿಲ ಬಳಿ ಹೋಗಿ ಮತ್ತೆ ಗಿರಿಜಳಿಗೆ ಫೋನು ಮಾಡಿದೆ. ಈ ಸಲ ಎತ್ತಿದಳು. ಮಾತಾಡಲಿಲ್ಲ, ಉಸಿರು ಮಾತ್ರ ಕೇಳಿಸಿತು. ನಾನು ಏನು ಹೇಳಬೇಕೆಂದು ತಡಕಾಡುತ್ತಿರುವಾಗ ನನ್ನ ಹಿಂದೆ ನರ್ಸಮ್ಮ ಅಕ್ಕನ ಕೈಯಿಂದ ಫೋನು ತೆಗೆದುಕೊಳ್ಳಲು ಹೋದಳು. ಅಕ್ಕ ಬಿಡಲಿಲ್ಲ.

“ಒಂಚೂರು ತಾಳಮ್ಮ. ನನ್ನ ತಂಗಿ ನೋಡ್ಲಿ. ಗುಬ್ಬೀಲವ್ಳೆ. ಎರಡು ದಿನದಿಂದ ನೋಡಿಲ್ಲ, ಏನಾಗೈತೋ ಏನೋ. ಅವಳ ಮುಖ ಒಂದು ಬರ್ಲಿ, ಆಮೇಲೆ ಎಲ್ಲಿಗಾದ್ರೂ ಕರ್ಕೊಂಡೋಗು.”

ಅವಳು ಮಾತು ಶುರು ಮಾಡಿದಾಗಲೇ ನಾನು ನನ್ನ ಫೋನನ್ನು ಅವಳ ಕಡೆಗೆ ಹಿಡಿದಿದ್ದೆ, ಅಷ್ಟೆ. ಜೀವನದಲ್ಲಿ ಮೊದಲ ಸಲ, ಅರ್ಥ ಸೇರಿಸದೆ ತಲುಪಿಸಿದೆ. ಆ ಕಡೆ ಫೋನು ಕಟ್ಟಾಯಿತು.

“ಬಂದ್ಲು!” ಎಂದಳು ಅಕ್ಕ. ಫೋನನ್ನು ನರ್ಸಮ್ಮನ ಮುಖಕ್ಕೇ ಹಿಡಿದಳು. “ನೋಡು, ಇವಳೇ. ಎದ್ದವ್ಳೆ. ಹುಷಾರಾಗವ್ಳೆ. ನಡಿಯಮ್ಮ ಈಗ.”

ಬೀಪಿ ಮತ್ತೆ ನೋಡಿದರು. ಇಳಿದಿತ್ತು. ಒಳಗೆ ಕರೆದುಕೊಂಡು ಹೋದರು.

ಆ ಹೊತ್ತನ್ನು ನಾನು ಹೇಗೆ ಕಳೆದೆ ಎಂದು ಹೇಳಲಾರೆ. ಹೈವೇಯ ಲಾರಿಗಳ ಹಾರನ್ ಕೂಡ ನನಗೆ ಒಂದೊಂದು ಅರ್ಥ ಹೇಳುತ್ತಿತ್ತು. ಅಕ್ಕ ಇನ್ನೂ ಹೊರಗೆ ಬಂದಿರಲಿಲ್ಲ, ಮೆಟ್ಟಿಲ ಮೇಲೆ ಗಿರಿಜ ಕಾಣಿಸಿದಳು. ಮನೆಯಲ್ಲಿ ಉಡುವ ಸೀರೆ, ಬಾಚದ ತಲೆ, ಅಂಗೈಯಲ್ಲಿ ಅರಿಸಿನದ ಕಲೆ ಹಾಗೇ ಇತ್ತು. ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಳು.

ಸಂಜೆ ಅಕ್ಕನಿಗೆ ಪೂರ್ತಿ ಎಚ್ಚರವಾಯಿತು. ಕಣ್ಣು ಕಿರಿದು ಮಾಡಿ ಗಿರಿಜಳನ್ನು ನೋಡಿದಳು.

“ನಿನ್ನ ಯಾರು ಕರೆದ್ರೇ?”

“ಯಾರೂ ಕರೀಲಿಲ್ಲ. ಬಂದೆ.”

“ಸೊರಗಿದೀಯ.”

ಈ ಮಾತಿಗೆ ಗಿರಿಜ ಹಿಂದೆ ಎಷ್ಟು ಸಲ ಉರಿದುಬಿದ್ದಿದ್ದಳೋ. ಅವತ್ತು ಅಕ್ಕನ ಹೊದಿಕೆ ಸರಿಮಾಡುತ್ತಾ, “ಹ್ಞೂ ಕಣಕ್ಕ. ಸೊರಗಿದೀನಿ” ಎಂದಳು.

ಮಾರನೆಯ ದಿನ ಶುಕ್ರವಾರ. ಕಾಫಿ ಕೊಡಬಹುದು ಎಂದು ಡಾಕ್ಟರು ಹೇಳಿ ಹೋದರು. ಫ್ಲಾಸ್ಕಿನಿಂದ ಬಗ್ಗಿಸಿ ಅಕ್ಕನ ಮುಂದೆ ಹಿಡಿದೆ. ಅವಳು ಲೋಟ ತೆಗೆದುಕೊಳ್ಳಲಿಲ್ಲ, ಫೋನು ಕೇಳಿದಳು. ದಿಂಬಿಗೆ ಒರಗಿ, ಕೈ ಉದ್ದಕ್ಕೆ ಹಿಡಿದು, ಹುಡುಕಿ ಹುಡುಕಿ ಒಂದು ಕಡೆ ಬೆರಳಿಟ್ಟಳು. ಅವಳ ಕಾಲ ಬಳಿ, ಅದೇ ಮಂಚದ ತುದಿಯಲ್ಲಿ ಕೂತಿದ್ದ ಗಿರಿಜ ಸೊಂಟದಿಂದ ತನ್ನ ಫೋನು ತೆಗೆದಳು. ಅಕ್ಕ ಎದುರಿಗಿದ್ದ ತಂಗಿಯನ್ನು ನೋಡದೆ, ಫೋನನ್ನೇ ನೋಡುತ್ತಾ ಕಾದಳು.

“ಹಾಂ, ನೋಡಿದ್ಲು” ಎಂದು ನನ್ನ ಕೈಯಿಂದ ಕಾಫಿ ತೆಗೆದುಕೊಂಡಳು.

ನಾನೂ ನೋಡಿದೆ. ಕೆಂಪು ದಾಸವಾಳ. ಅದರ ಮೇಲೆ ಅಕ್ಷರ ಏನೋ ಇತ್ತು, ನಾನು ಓದಲಿಲ್ಲ.